ಕೆ. ರವೀಂದ್ರನಾಥನ್ ನಾಯರ್

ಕೆ. ರವೀಂದ್ರನಾಥನ್ ನಾಯರ್ (3 ಜುಲೈ 1933 – 8 ಜುಲೈ 2023) ಮಲಯಾಳಂ ಚಲನಚಿತ್ರ ನಿರ್ಮಾಪಕರು ಹಾಗೂ ಗೋಡಂಬಿ ಉದ್ಯಮಿ. ‘ಜನರಲ್ ಪಿಕ್ಚರ್ಸ್’ ಎಂಬ ನಿರ್ಮಾಣ ಸಂಸ್ಥೆಯ ಸ್ಥಾಪಕರಾದ ಇವರು, ತಮ್ಮ ಯಶಸ್ವಿ ಚಿತ್ರವೊಂದರ ಹೆಸರಿನಿಂದ ‘ಅಚ್ಚಾಣಿ ರವಿ’ ಎಂದೇ ಹೆಚ್ಚು ಪರಿಚಿತರು. 1967ರಿಂದ 1990ರ ದಶಕದ ಆರಂಭದವರೆಗೆ ಇವರು ನಿರ್ಮಿಸಿದ ಚಿತ್ರಗಳ ಸಂಖ್ಯೆ 14. ಜಿ. ಅರವಿಂದನ್ ಅವರ ಐದು ಹಾಗೂ ಅಡೂರ್ ಗೋಪಾಲಕೃಷ್ಣನ್ ಅವರ ನಾಲ್ಕು ಚಿತ್ರಗಳು ಇವುಗಳಲ್ಲಿ ಸೇರಿವೆ. ಮಲಯಾಳಂ ಚಿತ್ರರಂಗಕ್ಕೆ ಸಲ್ಲಿಸಿದ ಸೇವೆಗಾಗಿ ಕೇರಳ ಸರ್ಕಾರವು ನೀಡುವ ಅತ್ಯುನ್ನತ ಗೌರವವಾದ ಜೆ. ಸಿ. ಡ್ಯಾನಿಯಲ್ ಪ್ರಶಸ್ತಿಯು 2008ನೇ ಸಾಲಿನಲ್ಲಿ ಇವರಿಗೆ ಸಂದಿತು.

ಜೀವನ

ರವೀಂದ್ರನಾಥನ್ ನಾಯರ್ ಕೇರಳದ ಕೊಲ್ಲಂ ನಗರದವರು. ಕೊಲ್ಲಂ ಭಾರತದ ಗೋಡಂಬಿ ಸಂಸ್ಕರಣೆಯ ಪ್ರಮುಖ ಕೇಂದ್ರ. ಇವರ ಕುಟುಂಬವೂ ಅದೇ ವ್ಯಾಪಾರದಲ್ಲಿ ತೊಡಗಿತ್ತು. ಗೋಡಂಬಿ ರಫ್ತಿನ ಉದ್ಯಮವನ್ನು ಮುನ್ನಡೆಸಿದ ನಾಯರ್ ಅವರಿಗೆ ಜೀವನೋಪಾಯವು ಆ ಉದ್ಯಮದಿಂದಲೇ ಹೊರತು ಚಲನಚಿತ್ರದಿಂದಲ್ಲ. ಚಿತ್ರಗಳಿಗೆ ಹಾಕಿದ ಹಣ ಹಿಂದಿರುಗದಿದ್ದರೂ ಮತ್ತೊಂದು ಚಿತ್ರವನ್ನು ಕೈಗೆತ್ತಿಕೊಳ್ಳಲು ಅವರಿಗೆ ಸಾಧ್ಯವಾದದ್ದು ಇದರಿಂದಲೇ. ಅವರ ಪತ್ನಿ ಉಷಾ ರವಿ ಹಿನ್ನೆಲೆ ಗಾಯಕಿಯಾಗಿದ್ದು, ‘ತಂಬ್’ ಚಿತ್ರಕ್ಕಾಗಿ ಹಾಡಿದ್ದಾರೆ. ನಾಯರ್ ಅವರು ತಮ್ಮ 90ನೇ ವಯಸ್ಸಿನಲ್ಲಿ ಕೊಲ್ಲಂನಲ್ಲಿ ನಿಧನರಾದರು.

ಆರಂಭದ ಚಿತ್ರಗಳು

ಜನರಲ್ ಪಿಕ್ಚರ್ಸ್ ಸಂಸ್ಥೆಯ ಮೊದಲ ಚಿತ್ರ ‘ಅನ್ವೇಷಿಚ್ಚು ಕಂಡೆತ್ತಿಯಿಲ್ಲ’ 1967ರಲ್ಲಿ ತೆರೆಕಂಡಿತು. ಪಾರಪ್ಪುರತ್ತ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಕವಿಯೂ ಆಗಿದ್ದ ಪಿ. ಭಾಸ್ಕರನ್ ನಿರ್ದೇಶಿಸಿದರು. ಇದಕ್ಕೆ ಆ ವರ್ಷದ ಅತ್ಯುತ್ತಮ ಮಲಯಾಳಂ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ದೊರೆಯಿತು. ಅನಂತರದ ‘ಲಕ್ಷಪ್ರಭು’ (1968) ಹಾಗೂ ‘ಕಾಟ್ಟುಕುರಂಗು’ (1969) ಚಿತ್ರಗಳಿಗೂ ಭಾಸ್ಕರನ್ ಅವರೇ ನಿರ್ದೇಶಕರು.

1973ರಲ್ಲಿ ಎ. ವಿನ್ಸೆಂಟ್ ನಿರ್ದೇಶನದಲ್ಲಿ ಬಂದ ‘ಅಚ್ಚಾಣಿ’ ಚಿತ್ರದಲ್ಲಿ ಪ್ರೇಂ ನಜೀರ್ ಮುಖ್ಯ ಪಾತ್ರ ವಹಿಸಿದ್ದರು. ಬಂಡಿಯ ಗಾಲಿ ಕಳಚಿಕೊಳ್ಳದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಗೆ ಮಲಯಾಳಂನಲ್ಲಿ ‘ಅಚ್ಚಾಣಿ’ ಎಂಬ ಹೆಸರಿದೆ. ಈ ಚಿತ್ರವು ಜನಪ್ರಿಯವಾಗಿ ಲಾಭವನ್ನೂ ತಂದಿತು. ಆ ಲಾಭವನ್ನು ನಾಯರ್ ಅವರು ಕೊಲ್ಲಂನಲ್ಲಿ ಸಾರ್ವಜನಿಕ ಗ್ರಂಥಾಲಯವನ್ನು ಕಟ್ಟಲು ವಿನಿಯೋಗಿಸಿದರೆಂಬುದು ಅವರ ಬಗ್ಗೆ ಹೆಚ್ಚಾಗಿ ಉಲ್ಲೇಖಗೊಳ್ಳುವ ಸಂಗತಿ.

ಹೊಸ ಅಲೆಯ ಚಿತ್ರಗಳತ್ತ

1970ರ ದಶಕದ ಆರಂಭದಲ್ಲಿ ಮಲಯಾಳಂ ಚಿತ್ರರಂಗದಲ್ಲಿ ಹೊಸ ಅಲೆಯೊಂದು ಕಾಣಿಸಿಕೊಂಡಿತು. ಅಡೂರ್ ಗೋಪಾಲಕೃಷ್ಣನ್ ಅವರ ‘ಸ್ವಯಂವರಂ’ (1972) ಚಿತ್ರವನ್ನು ‘ಚಿತ್ರಲೇಖಾ’ ಎಂಬ ಸಹಕಾರ ಸಂಘವು ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಾಲದ ನೆರವಿನಿಂದ ನಿರ್ಮಿಸಿತ್ತು. ಅರವಿಂದನ್ ಅವರ ಮೊದಲ ಚಿತ್ರ ‘ಉತ್ತರಾಯಣಂ’ (1974) ನಿರ್ಮಾಣಗೊಂಡದ್ದು ಕಥೆಗಾರ ಪಟ್ಟತ್ತುವಿಳ ಕರುಣಾಕರನ್ ಅವರಿಂದ. ಇಂತಹ ಚಿತ್ರಗಳಿಗೆ ಪ್ರಶಸ್ತಿ, ವಿಮರ್ಶಕರ ಮೆಚ್ಚುಗೆಗಳು ದೊರೆತರೂ ಚಿತ್ರಮಂದಿರಗಳಲ್ಲಿ ದೀರ್ಘಕಾಲ ಪ್ರದರ್ಶನ ಕಾಣುವುದು ಕಷ್ಟವಾಗಿತ್ತು. ಆದ್ದರಿಂದ ಒಂದು ಚಿತ್ರ ಮುಗಿದ ಬಳಿಕ ಮುಂದಿನದಕ್ಕೆ ಬಂಡವಾಳವನ್ನು ಹೊಂದಿಸುವುದೇ ನಿರ್ದೇಶಕರ ಮುಂದಿದ್ದ ದೊಡ್ಡ ತೊಡಕು. ಜನಪ್ರಿಯ ಚಿತ್ರಗಳಿಂದ ಹೆಸರು ಗಳಿಸಿದ್ದ ನಾಯರ್ ಅವರು ಈ ಹಂತದಲ್ಲಿ ತಮ್ಮ ದಾರಿಯನ್ನು ಬದಲಿಸಿಕೊಂಡರು.

ಅರವಿಂದನ್ ಅವರೊಂದಿಗೆ

ಈ ಬದಲಾವಣೆಯ ಮೊದಲ ಫಲ ‘ಕಾಂಚನಸೀತ’ (1977). ಸಿ. ಎನ್. ಶ್ರೀಕಂಠನ್ ನಾಯರ್ ಅವರ ನಾಟಕವನ್ನು ಆಧರಿಸಿದ ಈ ಚಿತ್ರವು ಉತ್ತರ ರಾಮಾಯಣದ ಕಥೆಯನ್ನು ಹೇಳುತ್ತದೆ. ಆಂಧ್ರಪ್ರದೇಶದ ಕಾಡಿನಲ್ಲಿ ಚಿತ್ರೀಕರಣ ನಡೆಯಿತು. ರಾಮ, ಲಕ್ಷ್ಮಣರ ಪಾತ್ರಗಳನ್ನು ಅಲ್ಲಿನ ಚೆಂಚು ಬುಡಕಟ್ಟಿನವರು ವಹಿಸಿದರು. ಸೀತೆಯ ಪಾತ್ರಕ್ಕೆ ನಟಿ ಇಲ್ಲ. ಗಾಳಿ, ಮರ, ನೀರುಗಳ ಚಲನೆಯ ಮೂಲಕ ಪ್ರಕೃತಿಯೇ ಸೀತೆಯಾಗಿ ಕಾಣಿಸಿಕೊಳ್ಳುತ್ತದೆ. ತಾರೆಯರೂ ಪರಿಚಿತ ಕಥನಕ್ರಮವೂ ಇಲ್ಲದ ಇಂತಹ ಚಿತ್ರಕ್ಕೆ ಹಣ ಹೂಡುವುದು ಯಾವುದೇ ವ್ಯಾಪಾರಿ ಲೆಕ್ಕಾಚಾರಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಈ ಚಿತ್ರಕ್ಕಾಗಿ ಅರವಿಂದನ್ ಅತ್ಯುತ್ತಮ ನಿರ್ದೇಶಕ ರಾಷ್ಟ್ರ ಪ್ರಶಸ್ತಿಯನ್ನು ಪಡೆದರು. ಚಿತ್ರದ ಸಂಗೀತ ನಿರ್ದೇಶಕರು ಕರ್ನಾಟಕದ ಸರೋದ್ ವಾದಕ ರಾಜೀವ್ ತಾರಾನಾಥ್. ಕನ್ನಡದ ‘ಸಂಸ್ಕಾರ’ (1970) ಚಿತ್ರಕ್ಕೆ ಸಂಗೀತ ನೀಡಿದವರೂ ಇವರೇ.

ಮರುವರ್ಷ ಬಂದ ‘ತಂಬ್’ (1978) ಕಪ್ಪು-ಬಿಳುಪಿನ ಚಿತ್ರ. ಭಾರತಪ್ಪುಳ ನದಿಯ ದಡದ ಹಳ್ಳಿಗೆ ಬರುವ ಸರ್ಕಸ್ ತಂಡ, ಅಲ್ಲಿ ನಡೆಯುವ ಪ್ರದರ್ಶನ ಹಾಗೂ ತಂಡದ ನಿರ್ಗಮನ ಇದರ ವಸ್ತು. ಹಳ್ಳಿಗರು ಸರ್ಕಸ್ ನೋಡುವಾಗ ಅವರ ಮುಖದಲ್ಲಿ ಮೂಡಿದ ಸಹಜ ಭಾವಗಳನ್ನೇ ಛಾಯಾಗ್ರಾಹಕ ಶಾಜಿ ಎನ್. ಕರುಣ್ ಸೆರೆಹಿಡಿದಿದ್ದಾರೆ. ನಿರ್ದೇಶನ ಮತ್ತು ಛಾಯಾಗ್ರಹಣ ಎರಡಕ್ಕೂ ರಾಷ್ಟ್ರ ಪ್ರಶಸ್ತಿಗಳು ಲಭಿಸಿದವು. ಮಕ್ಕಳನ್ನು ಪ್ರಾಣಿಗಳನ್ನಾಗಿ ಮಾರ್ಪಡಿಸುವ ಮಾಯಗಾರನ ಕಥೆಯುಳ್ಳ ‘ಕುಮ್ಮಾಟ್ಟಿ’, ಮೀನುಗಾರರ ನಡುವಿನ ನಿಗೂಢ ವ್ಯಕ್ತಿಯೊಬ್ಬನ ಕುರಿತ ‘ಎಸ್ತಪ್ಪಾನ್’ ಹಾಗೂ ಯುವ ಕವಿಯೊಬ್ಬನ ಮಾನಸಿಕ ಕುಸಿತವನ್ನು ಚಿತ್ರಿಸುವ ‘ಪೋಕ್ಕುವೆಯಿಲ್’ ಇದೇ ಸಹಯೋಗದ ಇತರ ಚಿತ್ರಗಳು. ಐದೂ ಚಿತ್ರಗಳ ಛಾಯಾಗ್ರಾಹಕರು ಶಾಜಿ ಎನ್. ಕರುಣ್ ಅವರೇ. ಮುಂದೆ ಅವರೂ ನಿರ್ದೇಶಕರಾಗಿ ಖ್ಯಾತಿ ಪಡೆದರು.

ಅಡೂರ್ ಗೋಪಾಲಕೃಷ್ಣನ್ ಅವರೊಂದಿಗೆ

1981ರ ‘ಎಲಿಪ್ಪತ್ತಾಯಂ’ ಅಡೂರ್ ಅವರ ಮೊದಲ ವರ್ಣಚಿತ್ರ. ‘ಇಲಿಬೋನು’ ಎಂಬುದು ಶೀರ್ಷಿಕೆಯ ಅರ್ಥ. ಕಾಲ ಬದಲಾದರೂ ತಾನು ಬದಲಾಗದೆ, ತಂಗಿಯರ ದುಡಿಮೆಯ ಮೇಲೆ ಬದುಕುವ ಜಮೀನ್ದಾರಿ ಮನೆಯ ಯಜಮಾನನ ಕಥೆ ಇದು. ಕರಮನ ಜನಾರ್ದನನ್ ನಾಯರ್ ಈ ಪಾತ್ರದಲ್ಲಿ ಅಭಿನಯಿಸಿದ್ದಾರೆ. 1982ರಲ್ಲಿ ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟ್ ನೀಡುವ ಸದರ್ಲೆಂಡ್ ಟ್ರೋಫಿ ಈ ಚಿತ್ರಕ್ಕೆ ದೊರೆಯಿತು.

‘ಮುಖಾಮುಖಂ’ (1984) ಚಿತ್ರವು ಕಮ್ಯುನಿಸ್ಟ್ ಕಾರ್ಮಿಕ ನಾಯಕನೊಬ್ಬನ ಕಣ್ಮರೆ ಮತ್ತು ಮರಳುವಿಕೆಯನ್ನು ಕುರಿತದ್ದಾಗಿದ್ದು, ಕೇರಳದಲ್ಲಿ ರಾಜಕೀಯ ಚರ್ಚೆಗೆ ಕಾರಣವಾಯಿತು. ‘ಅನಂತರಂ’ (1987) ಯುವಕನೊಬ್ಬನು ತನ್ನ ಬದುಕನ್ನು ಎರಡು ಬಗೆಯಾಗಿ ನಿರೂಪಿಸುವ ಕಥೆ. ಈ ಎರಡೂ ಚಿತ್ರಗಳಿಗಾಗಿ ಅಡೂರ್ ಅತ್ಯುತ್ತಮ ನಿರ್ದೇಶಕ ರಾಷ್ಟ್ರ ಪ್ರಶಸ್ತಿಗೆ ಪಾತ್ರರಾದರು. ಈ ನಡುವೆ, 1983ರಲ್ಲಿ, ಎಂ. ಟಿ. ವಾಸುದೇವನ್ ನಾಯರ್ ತಮ್ಮದೇ ಕಾದಂಬರಿಯನ್ನು ಆಧರಿಸಿ ನಿರ್ದೇಶಿಸಿದ ‘ಮಂಞು’ ಚಿತ್ರವನ್ನೂ ಜನರಲ್ ಪಿಕ್ಚರ್ಸ್ ನಿರ್ಮಿಸಿತು. ನೈನಿತಾಲ್ ಇದರ ಕಥಾಭೂಮಿ.

ವಿಧೇಯನ್ ಮತ್ತು ಕರ್ನಾಟಕ

ಸಂಸ್ಥೆಯ ಕೊನೆಯ ಚಿತ್ರ ‘ವಿಧೇಯನ್’ಗೆ ಕರ್ನಾಟಕದೊಡನೆ ನೇರ ಸಂಬಂಧವಿದೆ. ಪಾಲ್ ಸಕರಿಯಾ ಅವರ ಕಿರುಕಾದಂಬರಿ ಇದಕ್ಕೆ ಆಧಾರ. ಕೇರಳದಿಂದ ದಕ್ಷಿಣ ಕರ್ನಾಟಕದ ಹಳ್ಳಿಗೆ ವಲಸೆ ಬಂದ ಕ್ರೈಸ್ತ ರೈತ ತೊಮ್ಮಿ, ಅಲ್ಲಿನ ಕ್ರೂರ ಜಮೀನ್ದಾರ ಭಾಸ್ಕರ ಪಟ್ಟೇಲರನಿಗೆ ಗುಲಾಮನಾಗುತ್ತಾನೆ. ಭಯದಿಂದ ಆರಂಭವಾದ ಅಧೀನತೆ ಕ್ರಮೇಣ ನಿಷ್ಠೆಯಾಗಿ ಮಾರ್ಪಡುವುದೇ ಚಿತ್ರದ ತಿರುಳು. ಪಟ್ಟೇಲರನ ಮಲಯಾಳಂ ಮಾತಿನಲ್ಲಿ ಕನ್ನಡದ ಛಾಯೆ ಸ್ಪಷ್ಟವಾಗಿ ಕೇಳಿಸುತ್ತದೆ. ಈ ಪಾತ್ರದಲ್ಲಿ ನಟಿಸಿದ ಮಮ್ಮುಟ್ಟಿ ಅವರಿಗೆ, ‘ಪೊಂದನ್ ಮಾಡ’ ಚಿತ್ರದ ಅಭಿನಯವನ್ನೂ ಪರಿಗಣಿಸಿ, 1993ನೇ ಸಾಲಿನ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಬಂದಿತು. ತೊಮ್ಮಿಯಾಗಿ ಎಂ. ಆರ್. ಗೋಪಕುಮಾರ್ ಅಭಿನಯಿಸಿದ್ದಾರೆ.

ಚಿತ್ರಗಳ ಪುನರುಜ್ಜೀವನ

ಚಿತ್ರವೊಂದು ನಿರ್ಮಾಣಗೊಂಡ ಮಾತ್ರಕ್ಕೆ ಉಳಿದುಕೊಳ್ಳುವುದಿಲ್ಲ. ತೇವ ಮತ್ತು ಸೆಕೆಯ ಹವೆಯಲ್ಲಿ ಫಿಲ್ಮ್ ಸುರುಳಿಗಳು ಬೇಗ ಹಾಳಾಗುತ್ತವೆ. ‘ಕುಮ್ಮಾಟ್ಟಿ’ ಚಿತ್ರದ ಮೂಲ ನೆಗೆಟಿವ್ ಉಳಿದಿರಲಿಲ್ಲವಾದ್ದರಿಂದ ಲಭ್ಯವಿದ್ದ ಪ್ರತಿಗಳ ಆಧಾರದಿಂದಲೇ ಅದನ್ನು ಪುನರುಜ್ಜೀವನಗೊಳಿಸಬೇಕಾಯಿತು. ಫಿಲ್ಮ್ ಹೆರಿಟೇಜ್ ಫೌಂಡೇಷನ್, ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಹಾಗೂ ಇಟಲಿಯ ಚಿನೆಟೆಕಾ ದಿ ಬೊಲೊನ್ಯ ಸಂಸ್ಥೆಗಳು ಜನರಲ್ ಪಿಕ್ಚರ್ಸ್ ಸಹಯೋಗದೊಂದಿಗೆ ಕೈಗೊಂಡ ಈ ಕಾರ್ಯವು 2021ರಲ್ಲಿ ಪೂರ್ಣಗೊಂಡಿತು. ಇದೇ ರೀತಿ ಸಂರಕ್ಷಿಸಲ್ಪಟ್ಟ ‘ತಂಬ್’ 2022ರ ಕಾನ್ ಚಲನಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶಿತವಾಯಿತು. ಆಗ ನಾಯರ್ ಅವರು ಇನ್ನೂ ಜೀವಿಸಿದ್ದರು.

ಮಹತ್ವ

ಚಲನಚಿತ್ರದ ಇತಿಹಾಸವನ್ನು ಸಾಮಾನ್ಯವಾಗಿ ನಿರ್ದೇಶಕರ ಹೆಸರಿನಲ್ಲಿ ಬರೆಯಲಾಗುತ್ತದೆ. ಆದರೆ ಅರವಿಂದನ್ ಅವರು 1977 ಮತ್ತು 1981ರ ನಡುವೆ ಐದು ಚಿತ್ರಗಳನ್ನು ಬೆನ್ನುಬೆನ್ನಿಗೆ ಮಾಡಲು ಸಾಧ್ಯವಾದದ್ದರ ಹಿಂದೆ ಒಬ್ಬ ನಿರ್ಮಾಪಕರ ನಿರಂತರ ಬೆಂಬಲವಿತ್ತು. ಅದೇ ಅವಧಿಯ ಅನೇಕ ಪ್ರಯೋಗಶೀಲ ಚಿತ್ರಗಳು ಸರ್ಕಾರಿ ಸಾಲ ಅಥವಾ ಸಹಕಾರ ಸಂಘಗಳನ್ನು ಅವಲಂಬಿಸಿದ್ದರೆ, ಇಲ್ಲಿ ಖಾಸಗಿ ಉದ್ಯಮಿಯೊಬ್ಬರ ಗಳಿಕೆಯೇ ಆ ಸ್ಥಾನವನ್ನು ತುಂಬಿತು. ಕಥಾವಸ್ತುವಿನ ಆಯ್ಕೆಯಲ್ಲಾಗಲಿ ಚಿತ್ರೀಕರಣದಲ್ಲಾಗಲಿ ನಿರ್ದೇಶಕರಿಗೆ ಪೂರ್ಣ ಸ್ವಾತಂತ್ರ್ಯವನ್ನು ನೀಡುತ್ತಿದ್ದ ನಿರ್ಮಾಪಕರೆಂದು ನಾಯರ್ ಅವರನ್ನು ಗುರುತಿಸಲಾಗುತ್ತದೆ.

ನಿರ್ಮಿಸಿದ ಚಿತ್ರಗಳು

- ಅನ್ವೇಷಿಚ್ಚು ಕಂಡೆತ್ತಿಯಿಲ್ಲ (1967) – ಪಿ. ಭಾಸ್ಕರನ್
- ಲಕ್ಷಪ್ರಭು (1968) – ಪಿ. ಭಾಸ್ಕರನ್
- ಕಾಟ್ಟುಕುರಂಗು (1969) – ಪಿ. ಭಾಸ್ಕರನ್
- ಅಚ್ಚಾಣಿ (1973) – ಎ. ವಿನ್ಸೆಂಟ್
- ಕಾಂಚನಸೀತ (1977) – ಜಿ. ಅರವಿಂದನ್
- ತಂಬ್ (1978) – ಜಿ. ಅರವಿಂದನ್
- ಕುಮ್ಮಾಟ್ಟಿ (1979) – ಜಿ. ಅರವಿಂದನ್
- ಎಸ್ತಪ್ಪಾನ್ (1979) – ಜಿ. ಅರವಿಂದನ್
- ಪೋಕ್ಕುವೆಯಿಲ್ (1981) – ಜಿ. ಅರವಿಂದನ್
- ಎಲಿಪ್ಪತ್ತಾಯಂ (1981) – ಅಡೂರ್ ಗೋಪಾಲಕೃಷ್ಣನ್
- ಮಂಞು (1983) – ಎಂ. ಟಿ. ವಾಸುದೇವನ್ ನಾಯರ್
- ಮುಖಾಮುಖಂ (1984) – ಅಡೂರ್ ಗೋಪಾಲಕೃಷ್ಣನ್
- ಅನಂತರಂ (1987) – ಅಡೂರ್ ಗೋಪಾಲಕೃಷ್ಣನ್
- ವಿಧೇಯನ್ (1993) – ಅಡೂರ್ ಗೋಪಾಲಕೃಷ್ಣನ್