ಮೀನುಬೇಟೆಗೂ ಮನೆಮಂದಿಗೂ ಒಂದೇ ದೋಣಿ

ಅಮೆರಿಕ ಸಂಯುಕ್ತ ಸಂಸ್ಥಾನದ ನಡುಭಾಗದಲ್ಲಿ, ಮಿಸೌರಿ ಮತ್ತು ಆರ್ಕನ್ಸಾ ರಾಜ್ಯಗಳ ಗಡಿಯಲ್ಲಿ ಹಬ್ಬಿರುವ ಗುಡ್ಡಗಾಡಿಗೆ ಓಜಾರ್ಕ್ ಎಂದು ಹೆಸರು. ಅಲ್ಲಿ ಬಳುಕುತ್ತ ಹರಿಯುವ ವೈಟ್ ನದಿಗೆ ಕಳೆದ ಶತಮಾನದಲ್ಲಿ ಹಲವು ಅಣೆಕಟ್ಟುಗಳು ಎದ್ದವು. 1958ರಲ್ಲಿ ಟೇಬಲ್ ರಾಕ್ ಅಣೆಕಟ್ಟು ಮುಗಿಯಿತು, 1966ರಲ್ಲಿ ಬೀವರ್. ಕಣಿವೆಗಳು ಮುಳುಗಿ ಜಲಾಶಯಗಳಾದವು. ನೀರೊಳಗೆ ಉಳಿದ ಮರದ ಬೊಡ್ಡೆಗಳ ಮರೆಯಲ್ಲಿ ಬಾಸ್ ಎಂಬ ಮೀನು ಬೆಳೆಯಿತು. ಹಸುರು ಮೈಯ, ಅಗಲ ಬಾಯಿಯ ಈ ಮೀನು ಗಾಳ ಕಚ್ಚಿದೊಡನೆ ನೀರಿನಿಂದ ಮೇಲಕ್ಕೆ ಚಿಮ್ಮಿ ಸೆಣಸುತ್ತದೆ. ಅಮೆರಿಕದವರಿಗೆ ಅದರ ಮೇಲಿನ ಮೋಹ ಅಷ್ಟಿಷ್ಟಲ್ಲ. 1932ರಲ್ಲಿ ಜಾರ್ಜಿಯದಲ್ಲಿ ಸಿಕ್ಕ 22 ಪೌಂಡು 4 ಔನ್ಸಿನ ಬಾಸ್ ಇಂದಿಗೂ ದಾಖಲೆಯ ಮೀನು. ಅದಕ್ಕೆ ಸರಿಗಟ್ಟುವ ಇನ್ನೊಂದು ಸಿಕ್ಕಿದ್ದು 2009ರಲ್ಲಿ, ದೂರದ ಜಪಾನಿನ ಬಿವಾ ಸರೋವರದಲ್ಲಿ.

ಮೀನಿಗೆ ತಕ್ಕ ದೋಣಿಯೂ ಹುಟ್ಟಿಕೊಂಡಿತು. 1948ರಲ್ಲಿ ಲೂಸಿಯಾನ ರಾಜ್ಯದ ಹೋಮ್ಸ್ ಥರ್ಮಂಡ್ ಬಾಸ್ ಬೇಟೆಗೆಂದೇ ಪದರಹಲಗೆಯ ಒಂದು ದೋಣಿಯನ್ನು ಕಟ್ಟಿದನು. 1967ರಲ್ಲಿ ರೇ ಸ್ಕಾಟ್ ಎಂಬವನು ಬೀವರ್ ಜಲಾಶಯದಲ್ಲಿ ಬಾಸ್ ಹಿಡಿಯುವ ಪಂದ್ಯವನ್ನು ನಡೆಸಿದ ಮೇಲೆ ದೋಣಿಗಳ ವೇಗವೂ ಬೆಲೆಯೂ ಒಟ್ಟಿಗೆ ಏರತೊಡಗಿದವು. 1978ರಲ್ಲಿ ಮಿಸೌರಿಯ ಜಾನಿ ಮಾರಿಸ್ ಅಲ್ಯೂಮಿನಿಯಂ ದೋಣಿ, ಮೋಟಾರು, ಅದನ್ನು ಎಳೆದೊಯ್ಯುವ ಟ್ರೇಲರು ಮೂರನ್ನೂ ಸೇರಿಸಿ ಒಂದೇ ಬೆಲೆಗೆ ಮಾರಲಾರಂಭಿಸಿದನು. ಸಾಮಾನ್ಯ ಸಂಸಾರಿಯ ಅಂಗಳಕ್ಕೂ ಬಾಸ್ ದೋಣಿ ಬಂದು ನಿಂತಿತು. ತೊಡಕು ಹುಟ್ಟಿದ್ದೂ ಅಲ್ಲಿಯೇ. ಶನಿವಾರ ಬೆಳಗಿನ ಜಾವ ಇಬ್ಬರು ಗಾಳಗಾರರನ್ನು ಹೊತ್ತ ದೋಣಿಯೇ ಭಾನುವಾರ ಮಧ್ಯಾಹ್ನ ಅಪ್ಪ, ಅಮ್ಮ, ಮೂವರು ಮಕ್ಕಳು, ಬುತ್ತಿ, ಮಂಜುಗಡ್ಡೆಯ ಪೆಟ್ಟಿಗೆ ಇಷ್ಟನ್ನೂ ಹೊರಬೇಕು. ಈ ಎರಡು ಕೆಲಸಗಳು ದೋಣಿಯಿಂದ ಬೇಡುವ ಗುಣಗಳು ಒಂದೇ ಅಲ್ಲ. ಅಂಗಡಿಯವನು ಇದನ್ನು ಹೇಳುವುದು ಕಡಿಮೆ. ಆರ್ಕಿಮಿಡೀಸನು ಮಾತ್ರ ಮುಚ್ಚಿಡುವುದಿಲ್ಲ.

ಬಾಸ್ ದೋಣಿಯ ರೂಪವನ್ನು ಮೊದಲು ಮನಸ್ಸಿಗೆ ತಂದುಕೊಳ್ಳೋಣ. ಅಂಚುಗಳು ತಗ್ಗು. ಮುಂದೆಯೂ ಹಿಂದೆಯೂ ಎತ್ತರದ ಸಮತಟ್ಟಾದ ಜಗಲಿಗಳು; ಗಾಳಗಾರನು ಅಲ್ಲಿ ನಿಂತು ಗಾಳವನ್ನು ಬೀಸುತ್ತಾನೆ. ಹಿಂತುದಿಯಲ್ಲಿ ಬಲವಾದ ಪೆಟ್ರೋಲ್ ಮೋಟಾರು, ಮುಂತುದಿಯಲ್ಲಿ ಸದ್ದಿಲ್ಲದೆ ತೆವಳಲು ಒಂದು ಸಣ್ಣ ವಿದ್ಯುತ್ ಮೋಟಾರು. ಹಿಡಿದ ಮೀನನ್ನು ಜೀವಂತವಾಗಿಡಲು ನೀರಿನ ತೊಟ್ಟಿ. ತಗ್ಗಿದ ಅಂಚು ಗಾಳಗಾರನಿಗೆ ಅನುಕೂಲ, ಏಕೆಂದರೆ ಮೀನನ್ನು ಎತ್ತಿಕೊಳ್ಳುವುದು ಸುಲಭ. ಗಾಳಿಯೂ ದೋಣಿಯನ್ನು ಅಷ್ಟಾಗಿ ನೂಕದು. ನಾಲ್ಕು ವರ್ಷದ ಮಗುವಿಗೆ ಅದೇ ಅಂಚು ಆಪತ್ತು.

ಇನ್ನು ಲೋಹದ ಮಾತು. ಅಲ್ಯೂಮಿನಿಯಂ ಒಂದು ಕಾಲಕ್ಕೆ ಬೆಳ್ಳಿಗಿಂತ ದುಬಾರಿಯಾಗಿತ್ತು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಒಬ್ಬರನ್ನೊಬ್ಬರು ಅರಿಯದೆಯೇ ವಿದ್ಯುದ್ವಿಭಜನೆಯಿಂದ ಅದನ್ನು ಅಗ್ಗವಾಗಿ ಪಡೆಯುವ ಒಂದೇ ಉಪಾಯವನ್ನು ಕಂಡುಹಿಡಿದರು. ದೋಣಿಗೆ ಅದು ಹತ್ತಿರವಾದದ್ದು ವಿಮಾನದ ಮೂಲಕ. 1944ರಲ್ಲಿ ಗ್ರಮ್ಮನ್ ವಿಮಾನ ಕಾರ್ಖಾನೆಯ ವಿಲಿಯಂ ಹಾಫ್‌ಮನ್ ರಜೆಯಲ್ಲಿ ತೋಯ್ದು ಭಾರವಾದ ಕ್ಯಾನ್ವಾಸಿನ ದೋಣಿಯನ್ನು ಬೆಟ್ಟದ ದಾರಿಯಲ್ಲಿ ಹೊತ್ತು ಬಳಲಿ, ವಿಮಾನದ ತಗಡಿನಿಂದಲೇ ಇದನ್ನು ಏಕೆ ಮಾಡಬಾರದೆಂದು ಯೋಚಿಸಿದನು. ಮರುವರ್ಷ ಆ ಕಾರ್ಖಾನೆಯಿಂದ ಅಲ್ಯೂಮಿನಿಯಂ ದೋಣಿಗಳು ಹೊರಬಂದವು.

ಅಲ್ಯೂಮಿನಿಯಮಿನ ಸಾಂದ್ರತೆ 2.7, ಉಕ್ಕಿನದು ಸುಮಾರು 7.85. ಆದರೆ ಹಗುರವೆಂಬುದಷ್ಟೇ ಅದರ ಹಿರಿಮೆಯಲ್ಲ. ಬಾಗುವಿಕೆಯನ್ನು ತಡೆಯುವ ಗುಣದಲ್ಲಿ, ಎಂದರೆ ಯಂಗ್ ಗುಣಾಂಕದಲ್ಲಿ, ಅದು ಉಕ್ಕಿನ ಮೂರನೆಯ ಒಂದು ಭಾಗ ಮಾತ್ರ. ಹಾಗಾದರೆ ಲಾಭವೆಲ್ಲಿ? ಒಂದೇ ತೂಕಕ್ಕೆ ಅಲ್ಯೂಮಿನಿಯಂ ತಗಡು ಉಕ್ಕಿನ ತಗಡಿನ ಸುಮಾರು 2.9ರಷ್ಟು ದಪ್ಪವಿರಬಲ್ಲುದು. ತಗಡಿನ ಬಿಗಿತ ದಪ್ಪದ ಘನಕ್ಕೆ ಅನುಗುಣವಾದುದು. 2.9ರ ಘನ ಸುಮಾರು 24. ಅದರಲ್ಲಿ ಮೂರನೆಯ ಒಂದು ಪಾಲನ್ನು ತೆಗೆದುಕೊಂಡರೂ ಅದೇ ತೂಕದ ಅಲ್ಯೂಮಿನಿಯಂ ತಗಡು ಎಂಟು ಪಟ್ಟು ಬಿಗಿ. ಮೇಲಾಗಿ, ಬೊಡ್ಡೆ ತಾಗಿದರೆ ಗಾಜುನಾರಿನ ದೋಣಿ ಸೀಳಬಹುದು. ಅಲ್ಯೂಮಿನಿಯಂ ಬಹುಮಟ್ಟಿಗೆ ತಗ್ಗು ಬಿದ್ದು ಸುಮ್ಮನಾಗುತ್ತದೆ. ದೋಣಿಗೆ ಬಳಸುವುದು ಶುದ್ಧ ಲೋಹವನ್ನಲ್ಲ, ಮೆಗ್ನೀಸಿಯಂ ಬೆರೆಸಿದ ಮಿಶ್ರಲೋಹವನ್ನು. 5052 ಎಂಬ ಸಂಖ್ಯೆಯದರಲ್ಲಿ ಮೆಗ್ನೀಸಿಯಂ ಸುಮಾರು ನೂರಕ್ಕೆ ಎರಡೂವರೆ ಭಾಗ. ಕೊಳ್ಳುವವರು ತಗಡಿನ ದಪ್ಪವನ್ನು ಕೇಳಬೇಕು. ಒಂದು ಅಂಗುಲದ ಹತ್ತನೆಯ ಒಂದು ಭಾಗ ಸಾಮಾನ್ಯ, ಎಂಟನೆಯ ಒಂದು ಭಾಗವಾದರೆ ಇನ್ನೂ ಮೇಲು.

ರಿವೆಟ್ ಹೊಡೆದದ್ದೋ ಬೆಸೆದದ್ದೋ ಎಂಬ ಚರ್ಚೆ ಅಲ್ಲಿ ನಮ್ಮ ಕಾಫಿ-ಚಹಾ ವಾದದಷ್ಟೇ ಬಿಸಿ. ರಿವೆಟ್ಟುಗಳು ವರ್ಷಗಳ ಕುಲುಕಾಟಕ್ಕೆ ಸಡಿಲವಾಗಿ ನೀರು ಜಿನುಗಿಸುವುದುಂಟು. ಆದರೆ ಒಂದೊಂದಾಗಿ ಬದಲಿಸಬಹುದು. ಬೆಸುಗೆ ಜಿನುಗದು, ಆದರೆ ಬೆಸುಗೆಯ ಕಾವು ಪಕ್ಕದ ಲೋಹವನ್ನು ತುಸು ಮೆತ್ತಗಾಗಿಸುತ್ತದೆ. ಅಲ್ಲದೆ ಉಕ್ಕಿಗಿರುವಂತೆ ಅಲ್ಯೂಮಿನಿಯಮಿಗೆ ದಣಿವಿನ ಖಚಿತ ಮಿತಿಯಿಲ್ಲ; ಅಲೆಗಳ ಬಡಿತ ಸಣ್ಣದಾದರೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ನನ್ನ ಮತ ಬೆಸುಗೆಯ ಕಡೆಗೆ. ಹಳೆಯ ದೋಣಿಯಾದರೆ ಬೆಸುಗೆಯ ಸಾಲಿನ ಪಕ್ಕದಲ್ಲಿ ಕೂದಲೆಳೆಯ ಬಿರುಕುಗಳನ್ನು ಹುಡುಕಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ನೀರಿನ ಮಟ್ಟದಲ್ಲಿ ದೋಣಿಯು ಆವರಿಸುವ ವಿಸ್ತೀರ್ಣ 5 ಚದರ ಮೀಟರ್ ಎಂದಿಟ್ಟುಕೊಳ್ಳಿ. 50 ಕಿಲೋಗ್ರಾಂ ಭಾರ ಹೆಚ್ಚಿದರೆ ಅದು 50 ಲೀಟರ್ ನೀರನ್ನು ಸರಿಸಬೇಕು. ಅಂದರೆ ಒಂದು ಸೆಂಟಿಮೀಟರ್ ಕೆಳಗಿಳಿಯಬೇಕು. 300 ಕಿಲೋಗ್ರಾಮಿನ ಸಂಸಾರ ಹತ್ತಿದರೆ ಆರು ಸೆಂಟಿಮೀಟರ್. ಇಷ್ಟೇ ತಾನೆ ಎನ್ನಬೇಡಿ. ಅಪಾಯವಿರುವುದು ಎಲ್ಲರೂ ಸಮನಾಗಿ ಕುಳಿತಾಗ ಅಲ್ಲ, ಒಬ್ಬ ಹುಡುಗನು “ಮೀನು!” ಎಂದು ಕೂಗಿದಾಗ ಎಲ್ಲರೂ ಅದೇ ಬದಿಗೆ ಧಾವಿಸುತ್ತಾರೆ.

ಆಗ ದೋಣಿಯನ್ನು ನೆಟ್ಟಗೆ ನಿಲ್ಲಿಸುವುದು ಯಾವುದು? ಓರೆಯಾದ ದೋಣಿಯ ಒಂದು ಮಗ್ಗುಲು ಹೆಚ್ಚು ಮುಳುಗುವುದರಿಂದ ತೇಲಿಸುವ ಬಲದ ಕೇಂದ್ರವು ಆ ಬದಿಗೆ ಸರಿದು ದೋಣಿಯನ್ನು ಮರಳಿ ಎತ್ತುತ್ತದೆ. ಒಂದೇ ಉದ್ದದ ದೋಣಿಗಳಲ್ಲಿ ಈ ಎತ್ತುವ ಶಕ್ತಿಯು ಅಗಲದ ಘನದಂತೆ ಹೆಚ್ಚುತ್ತದೆ. 1.8 ಮೀಟರ್ ಅಗಲದ ದೋಣಿಗೆ ಬದಲಾಗಿ 2.25 ಮೀಟರಿನದನ್ನು ಆರಿಸಿದರೆ ಅಗಲ ಹೆಚ್ಚಿದ್ದು ಕಾಲು ಭಾಗ, 1.25ರ ಘನ ಸುಮಾರು 1.95, ಅಂದರೆ ಹೆಚ್ಚುಕಡಮೆ ಇಮ್ಮಡಿ. ಇದಕ್ಕೆ ಎದುರಾಗಿ ನಿಲ್ಲುವುದು ಗುರುತ್ವ ಕೇಂದ್ರದ ಎತ್ತರ. ನಿಂತ ಮನುಷ್ಯನ ಗುರುತ್ವ ಕೇಂದ್ರ ಪಾದದಿಂದ ಹತ್ತಿರಹತ್ತಿರ ಒಂದು ಮೀಟರ್ ಮೇಲೆ. ಅವನು ಅರ್ಧ ಮೀಟರ್ ಎತ್ತರದ ಜಗಲಿಯ ಮೇಲೆ ನಿಂತರೆ ದೋಣಿಯ ತಳದಿಂದ ಒಂದೂವರೆ ಮೀಟರ್ ಆಯಿತು. ಮೀನುಬೇಟೆಯ ದಿನ ಹೀಗೆ ನಿಲ್ಲುವವರು ಇಬ್ಬರು. ಭಾನುವಾರದಂದು ಐವರೂ ಜಗಲಿಯನ್ನೇರಿದರೆ ಕಥೆ ಬೇರೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ನೋಡಬಹುದು. ಊಟದ ಡಬ್ಬಿಯನ್ನು ಬಕೆಟ್ಟಿನ ನೀರಿನಲ್ಲಿ ತೇಲಿಬಿಟ್ಟು ತಳದಲ್ಲಿ ಹತ್ತು ನಾಣ್ಯಗಳನ್ನು ಹರಡಿ ಅಲುಗಿಸಿರಿ. ಅನಂತರ ಅದೇ ನಾಣ್ಯಗಳನ್ನು ನಡುವೆ ನಿಲ್ಲಿಸಿದ ಒಂದು ಬೆಂಕಿಪೆಟ್ಟಿಗೆಯ ಮೇಲೆ ಪೇರಿಸಿ ಅಲುಗಿಸಿರಿ. ಎರಡನೆಯ ಸಲ ಬೆರಳಿಗೆ ತಿಳಿಯುವ ವ್ಯತ್ಯಾಸವೇ ನಾನು ಹೇಳುತ್ತಿರುವುದು. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಇದನ್ನು ಸಾಧಿಸಲು ನನಗೆ ಒಂದು ಗಂಟೆ ಬೇಕಾಗುತ್ತದೆ.

ಅಮೆರಿಕದ ಕಾನೂನಿನಂತೆ, 20 ಅಡಿಗಿಂತ ಚಿಕ್ಕದಾದ ಇಂಥ ಮೋಟಾರು ದೋಣಿಗಳಲ್ಲಿ ಭಾರದ ಮಿತಿಯನ್ನು ಬರೆದ ಒಂದು ಫಲಕವಿರಬೇಕು. ಎಷ್ಟು ಜನ, ಅವರ ಒಟ್ಟು ತೂಕವೆಷ್ಟು, ಜನ-ಮೋಟಾರು-ಸಾಮಾನು ಸೇರಿ ಎಷ್ಟು, ಅಶ್ವಶಕ್ತಿ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಈ ಮೂರನೆಯ ಅಂಕಿಯಲ್ಲಿ ಮೋಟಾರೂ ಸೇರಿದೆಯೆಂಬುದು ಬಹುಜನರ ಕಣ್ಣಿಗೆ ಬೀಳುವುದಿಲ್ಲ. ಫಲಕವು ಒಟ್ಟು 590 ಕಿಲೋಗ್ರಾಂ ಎನ್ನುತ್ತದೆಯೆಂದು ಭಾವಿಸೋಣ. ಐವರು 300, ಮೋಟಾರು 165, ಮೂರು ಬ್ಯಾಟರಿ 75, ಮಂಜುಗಡ್ಡೆಯ ಪೆಟ್ಟಿಗೆಯೂ ಬುತ್ತಿಯೂ 40, ಲಂಗರು ಮತ್ತು ಗಾಳದ ಸಾಮಾನು 20. ಕೂಡಿದರೆ 600! ಆಸನಗಳು ಐದಿದ್ದರೂ ಮಿತಿ ಮೀರಿತು. ಅದೂ ಫಲಕದ ಅಂಕಿಗಳು ಶಾಂತವಾದ ನೀರಿಗೆ.

ಜಲಾಶಯವು ಸದಾ ಶಾಂತವಾಗಿರುವುದಿಲ್ಲ. 2018ರ ಜುಲೈ 19ರಂದು ನಾವು ಮೊದಲು ಹೇಳಿದ ಟೇಬಲ್ ರಾಕ್ ಜಲಾಶಯದಲ್ಲಿಯೇ, ನೆಲದಲ್ಲಿಯೂ ನೀರಿನಲ್ಲಿಯೂ ಚಲಿಸುವ ಒಂದು ಪ್ರವಾಸಿ ವಾಹನವು ಹಠಾತ್ತಾಗಿ ಎದ್ದ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲಿದ್ದ 31 ಮಂದಿಯಲ್ಲಿ 17 ಮಂದಿ ಸತ್ತರು. ಅದು ಬಾಸ್ ದೋಣಿಯಲ್ಲ, ನಿಜ. ಆದರೆ ಅಲ್ಲಿಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕೊಟ್ಟ ಕಾರಣಗಳು ನಮಗೆ ಬೇಕಾದವು. ಅಂಥ ವಾಹನಗಳಿಗೆ ಮೀಸಲು ತೇಲುಬಲವಿಲ್ಲ, ನೀರು ಒಳಗೆ ನುಗ್ಗಿದರೆ ಅವು ತೇಲಿ ಉಳಿಯುವುದಿಲ್ಲ ಎಂದು 1999ರಲ್ಲಿ ಆರ್ಕನ್ಸಾದಲ್ಲಿ 13 ಜನ ಸತ್ತ ದುರಂತದ ಬಳಿಕವೇ ಮಂಡಳಿಯು ಎಚ್ಚರಿಸಿತ್ತು. ಮೇಲಿನ ಚಾವಣಿಯು ಜನರು ಹೊರಬರುವುದಕ್ಕೆ ಅಡ್ಡಿಯಾಗುವುದೆಂದೂ ಹೇಳಿತ್ತು.

ಮೀಸಲು ತೇಲುಬಲವೆಂದರೇನು? ಅಲ್ಯೂಮಿನಿಯಂ ತಾನಾಗಿ ತೇಲದು. 450 ಕಿಲೋಗ್ರಾಂ ಲೋಹವು ಪೂರ್ತಿ ಮುಳುಗಿದರೆ ನೀರೊಳಗೆ ಅದರ ತೂಕ ಸುಮಾರು 283 ಕಿಲೋಗ್ರಾಂ. ಅದನ್ನು ಎತ್ತಿಹಿಡಿಯಲು ದೋಣಿಯ ಪಕ್ಕಗಳಲ್ಲಿಯೂ ಜಗಲಿಯ ಅಡಿಯಲ್ಲಿಯೂ ಹಗುರವಾದ ನೊರೆಯಂಥ ಪ್ಲಾಸ್ಟಿಕನ್ನು ತುಂಬುತ್ತಾರೆ. ಲೋಹಕ್ಕೇ ಸುಮಾರು 300 ಲೀಟರ್ ನೊರೆ ಬೇಕು. ಮೋಟಾರಿಗೂ ಮನುಷ್ಯರಿಗೂ ಇನ್ನೂ ಹೆಚ್ಚು. ಇಂಥ ಸಣ್ಣ ದೋಣಿಯು ನೀರು ತುಂಬಿದ ಮೇಲೂ ಮಗುಚದೆ ಸಮಮಟ್ಟದಲ್ಲಿ ತೇಲಬೇಕೆಂಬುದು ಅಮೆರಿಕದ ನಿಯಮ. ಹಳೆಯ ದೋಣಿಗಳಲ್ಲಿ ನೊರೆಯು ವರ್ಷಗಟ್ಟಲೆ ನೀರು ಹೀರಿ ಸೀಸದಂತೆ ಭಾರವಾಗಿರುವುದುಂಟು. ಮೇಲ್ನೋಟಕ್ಕೆ ಅದು ಕಾಣದು. ಲಾರಿ ತೂಗುವ ತಕ್ಕಡಿಯ ಮೇಲೆ ದೋಣಿಯನ್ನು ನಿಲ್ಲಿಸಿ, ಕಾರ್ಖಾನೆಯು ಹೇಳಿದ ತೂಕದೊಂದಿಗೆ ಹೋಲಿಸಿದರೆ ಗುಟ್ಟು ಹೊರಬೀಳುತ್ತದೆ.

ತಳದ ಆಕಾರವೂ ಒಂದು ರಾಜಿಯೇ. 16 ಅಡಿಯ ದೋಣಿ ನಿಧಾನವಾಗಿ ಸಾಗುವಾಗ ತಾನೇ ಎಬ್ಬಿಸಿದ ಅಲೆಯ ಹಳ್ಳದಲ್ಲಿ ಸಿಕ್ಕಿಕೊಳ್ಳುತ್ತದೆ. ತನ್ನ ಉದ್ದದಷ್ಟೇ ಉದ್ದದ ಅಲೆಯ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್; ಅದನ್ನು ಮೀರಬೇಕಾದರೆ ದೋಣಿಯು ತನ್ನ ಮುಂದಲೆಯನ್ನು ಹತ್ತಿ ನೀರಿನ ಮೇಲ್ಮೈಯಲ್ಲಿ ಜಾರಬೇಕು. ಚಪ್ಪಟೆ ತಳ ಬೇಗ ಜಾರುತ್ತದೆ, ನಿಂತಾಗ ಓಲಾಡುವುದೂ ಕಡಿಮೆ. ಆದರೆ ಅಲೆಗಳ ಮೇಲೆ ಅದರ ಕುಕ್ಕಾಟವನ್ನು ಅಜ್ಜಿಯ ಬೆನ್ನು ಸಹಿಸದು. ಆಳವಾದ ವಿ ಆಕಾರದ ತಳ ಅಲೆಯನ್ನು ಸೀಳಿಕೊಂಡು ಮೆತ್ತಗೆ ಸಾಗುತ್ತದೆ, ಹೆಚ್ಚು ಶಕ್ತಿ ಬೇಡುತ್ತದೆ, ನಿಂತಾಗ ಹೊಯ್ದಾಡುತ್ತದೆ. ಹಿಂತುದಿಯಲ್ಲಿ ಇಳಿಜಾರು 10-12 ಡಿಗ್ರಿ ಇರುವುದು ಬಾಸ್ ಬೇಟೆಗೆ ಒಪ್ಪುತ್ತದೆ. ಟೇಬಲ್ ರಾಕ್‌ನಂಥ ವಿಶಾಲವಾದ ನೀರಿನಲ್ಲಿ ಸಂಸಾರದೊಡನೆ ತಿರುಗುವವರಿಗೆ ಅದಕ್ಕಿಂತ ತುಸು ಹೆಚ್ಚಿದ್ದರೆ ಹಿತ. ಮೋಟಾರು ಫಲಕದ ಮಿತಿಗೆ ಸಮೀಪವಿರಲಿ. ವೇಗಕ್ಕಾಗಿ ಅಲ್ಲ, ತುಂಬಿದ ದೋಣಿಯೂ ಅಲೆಯನ್ನು ಹತ್ತಬಲ್ಲುದಾಗಿರಬೇಕು.

ಹಗುರತನಕ್ಕೂ ಒಂದು ದಂಡವುಂಟು: ಗಾಳಿ ಅಂಥ ದೋಣಿಯನ್ನು ಬೇಗ ತಳ್ಳಿಕೊಂಡು ಹೋಗುತ್ತದೆ. ಮುಂತುದಿಯ ವಿದ್ಯುತ್ ಮೋಟಾರು ಬೇಕಾಗುವುದು ಅದಕ್ಕೇ. ತೂಕದ ಪ್ರತಿ 100 ಪೌಂಡಿಗೆ 2 ಪೌಂಡು ನೂಕುಬಲವೆಂಬುದು ಗಾಳಗಾರರ ವಾಡಿಕೆಯ ಲೆಕ್ಕ. ತೂಕವೆಂದರೆ ಭಾನುವಾರದ ತೂಕವೆಂದು ತಿಳಿಯಬೇಕು. ಲೋಹದ ರಕ್ಷಣೆಗೆ ಅದರ ಮೇಲೆ ತಾನಾಗಿ ಕಟ್ಟಿಕೊಳ್ಳುವ ಆಕ್ಸೈಡ್ ಪೊರೆಯೇ ಸಾಕು. ಆದರೆ ತಾಮ್ರದ ತಂತಿಯ ಚೂರೋ ನಾಣ್ಯವೋ ತಳದ ನೀರಿನಲ್ಲಿ ಬಿದ್ದಿದ್ದರೆ ಅಲ್ಲೊಂದು ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಕೊರೆದುಹೋಗುತ್ತದೆ.

ಎರಡೂ ಕೆಲಸಕ್ಕೆಂದು ಕಟ್ಟಿದ ದೋಣಿಗಳಲ್ಲಿ ಹಿಂದಿನ ಜಗಲಿಯನ್ನು ಮಡಿಸಿದರೆ ಆಸನಗಳಾಗುತ್ತವೆ, ಮುಂದೆ ಗಾಳಿತಡೆಯ ಗಾಜಿರುತ್ತದೆ, ಮೀನಿನ ತೊಟ್ಟಿಯಲ್ಲಿ ಪಾನೀಯಗಳನ್ನು ತಣ್ಣಗಿಡಬಹುದು. ನಾನು ಆರಿಸುವುದಾದರೆ ಇಂಥದನ್ನೇ: 17-18 ಅಡಿ ಉದ್ದ, 2.25 ಮೀಟರಿಗೆ ಕಡಮೆಯಿಲ್ಲದ ಅಗಲ, ಮಕ್ಕಳು ಕುಳಿತಾಗ ಅವರ ಭುಜದ ಮಟ್ಟಕ್ಕೆ ಬರುವ ಅಂಚು. ಜಗಲಿಯ ಎತ್ತರದ ಪೀಠಗಳು ಗಾಳಹಾಕುವಾಗ ಮಾತ್ರ. ದೋಣಿ ಓಡುವಾಗ ಅಲ್ಲಿ ಯಾರೂ ಕೂರಕೂಡದು. ನೆರಳಿನ ಬಟ್ಟೆಯನ್ನು ಗಾಳಿಯೆದ್ದಾಗ ತಟ್ಟನೆ ಮಡಿಸುವಂತಿರಬೇಕು. ಬೇರೆ ರಾಜ್ಯನಿಯಮವಿಲ್ಲದ ಕಡೆ 13 ವರ್ಷದೊಳಗಿನ ಮಕ್ಕಳು ಓಡುವ ದೋಣಿಯಲ್ಲಿ ಜೀವರಕ್ಷಕ ಅಂಗಿಯನ್ನು ತೊಡಲೇಬೇಕೆಂಬುದು ಅಲ್ಲಿಯ ಕಟ್ಟಳೆ. ದೊಡ್ಡವರಿಗೆ ಅಂಥ ಕಟ್ಟಳೆ ಸಾಮಾನ್ಯವಾಗಿ ಇಲ್ಲ. 2022ರಲ್ಲಿ ಅಲ್ಲಿ ದೋಣಿಯ ಅಪಘಾತಗಳಲ್ಲಿ ಮುಳುಗಿ ಸತ್ತವರ ಪೈಕಿ, ಅಂಗಿಯ ವಿಷಯ ತಿಳಿದುಬಂದವರಲ್ಲಿ, ನೂರಕ್ಕೆ 85 ಮಂದಿ ಅದನ್ನು ತೊಟ್ಟಿರಲಿಲ್ಲ.

ಹಣ ಕೊಡುವ ಮುನ್ನ ಒಂದು ಪರೀಕ್ಷೆ ಬಾಕಿಯಿದೆ. ಎಲ್ಲರಿಗೂ ಜೀವರಕ್ಷಕ ಅಂಗಿ ತೊಡಿಸಿ, ಭಾನುವಾರದ ಸಾಮಾನನ್ನೆಲ್ಲ ಹೇರಿ, ದಡದ ಪಕ್ಕದ ನಿಂತ ನೀರಿನಲ್ಲಿ ಮನೆಮಂದಿಯನ್ನು ಒಬ್ಬೊಬ್ಬರನ್ನಾಗಿ ಒಂದೇ ಬದಿಗೆ ಸರಿಸಿರಿ. ಒಬ್ಬರು ಹೊರಗೆ ನಿಂತು, ಬಾಗಿದ ಅಂಚಿಗೂ ನೀರಿಗೂ ನಡುವೆ ಎಷ್ಟು ಉಳಿಯಿತೆಂದು ಅಡಿಪಟ್ಟಿಯಿಂದ ಅಳೆಯಲಿ. ಆ ಅಂಕಿಯನ್ನು ಬರೆದಿಟ್ಟುಕೊಂಡು, ಮುಂದಿನ ದೋಣಿಯಲ್ಲಿಯೂ ಹಾಗೆಯೇ ಅಳೆಯಿರಿ.