ಬ್ರಿಜ್ ಆಟ: ಮೊದಲ ಎಲೆಗೆ ಮುಂಚೆ

ಇಸ್ಪೀಟು ಎಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಅದಕ್ಕೆ ಕಾರಣವಿಲ್ಲದೆ ಇಲ್ಲ. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಕಡೆಗೆ ಮಡದಿಯನ್ನೂ ಪಣಕ್ಕೊಡ್ಡಿ ಸೋತ ಕಥೆಯನ್ನು ಕೇಳಿ ಬೆಳೆದ ಜನ ನಾವು. ದಾಳ ಉರುಳಿದ ಮೇಲೆ ಆಡುವವನ ಕೈಯಲ್ಲಿ ಏನೂ ಉಳಿಯದು. ಆದರೆ ಎಲೆಗಳ ಆಟವೆಲ್ಲ ಜೂಜಲ್ಲ. 1967ರಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟು ರಮ್ಮಿ ಆಟದ ಒಂದು ಮೊಕದ್ದಮೆಯನ್ನು ತೀರ್ಮಾನಿಸುತ್ತ, ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದೂ, ಅದರಲ್ಲಿರುವ ಅದೃಷ್ಟದ ಅಂಶ ಬ್ರಿಜ್ ಆಟದಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದೇ ಎಂದೂ ಹೇಳಿತು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್ ಆಟಕ್ಕೂ ಪದಕಗಳಿದ್ದವು. ಪುರುಷರ ಜೋಡಿ ಸ್ಪರ್ಧೆಯಲ್ಲಿ ಚಿನ್ನವನ್ನು ತಂದವರು ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ಆಗ ಅವರ ವಯಸ್ಸು 60 ಮತ್ತು 56!

ಹಾಗಾದರೆ ಈ ಆಟದಲ್ಲಿ ಬುದ್ಧಿಯ ಪಾಲು ಎಲ್ಲಿದೆ? ಹಂಚುವುದರಲ್ಲಂತೂ ಇಲ್ಲ. 52 ಎಲೆಗಳ ಕಟ್ಟಿನಿಂದ ಒಬ್ಬನಿಗೆ ಬರುವ 13 ಎಲೆಗಳು 63,501 ಕೋಟಿಗೂ ಮಿಗಿಲಾದ ಬಗೆಗಳಲ್ಲಿ ಬರಬಹುದು. ಯಾವುದು ಬರುವುದೆಂದು ಹೇಳಬಲ್ಲವರಿಲ್ಲ. ಕ್ಲಬ್ಬುಗಳಲ್ಲಿ ಈ ಅದೃಷ್ಟವನ್ನೂ ಕಳೆದುಬಿಡಲು ಒಂದು ಉಪಾಯವನ್ನು ಮಾಡಿದ್ದಾರೆ. ಒಂದು ಮೇಜಿನಲ್ಲಿ ಆಡಿದ ನಾಲ್ಕು ಕೈಗಳನ್ನು ಹಾಗೆಯೇ ಒಂದು ಚಪ್ಪಟೆ ತಟ್ಟೆಯ ನಾಲ್ಕು ಗೂಡುಗಳಲ್ಲಿರಿಸಿ ಮುಂದಿನ ಮೇಜಿಗೆ ಕಳುಹಿಸುತ್ತಾರೆ. ಎಲ್ಲ ಮೇಜುಗಳಲ್ಲಿಯೂ ಅವೇ ಎಲೆಗಳು. ನಿಮ್ಮ ಗಳಿಕೆಯನ್ನು ಅಳೆಯುವುದು ಅವೇ ಎಲೆಗಳನ್ನು ಹಿಡಿದ ಇತರರ ಗಳಿಕೆಯೊಡನೆ. ಒಳ್ಳೆಯ ಎಲೆ ಬರಲಿಲ್ಲವೆಂಬ ದೂರಿಗೆ ಅಲ್ಲಿ ಎಡೆಯಿಲ್ಲ. ಇಂಥ ಕಡೆ ಸೋಲುಗೆಲವು ತೀರ್ಮಾನವಾಗುವ ಗಳಿಗೆಯೊಂದುಂಟು. ಅದು ಆಟದ ಕೊನೆಯಲ್ಲಲ್ಲ, ಮೊದಲಿನಲ್ಲಿದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಆಟವನ್ನರಿಯದವರಿಗಾಗಿ ನಾಲ್ಕು ಮಾತು. ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ದಕ್ಷಿಣನಿಗೆ ಉತ್ತರನು, ಪೂರ್ವನಿಗೆ ಪಶ್ಚಿಮನು ಜೊತೆಗಾರ. ನಾಲ್ವರೂ ಒಂದೊಂದು ಎಲೆ ಇಟ್ಟರೆ ಒಂದು ಟ್ರಿಕ್ಕು. ಹೀಗೆ ಒಟ್ಟು 13 ಟ್ರಿಕ್ಕು. ಎಲೆಗಳ ಜಾತಿ ನಾಲ್ಕು. ನಮ್ಮಲ್ಲಿ ಇಡೀ ಕಟ್ಟಿಗೂ ಅದರ ಒಂದು ಜಾತಿಗೂ ಇಸ್ಪೀಟು ಎಂಬ ಒಂದೇ ಹೆಸರು ಬಳಕೆಯಲ್ಲಿರುವುದರಿಂದ, ಗೊಂದಲವಾಗದಂತೆ ಜಾತಿಯನ್ನು ಇಲ್ಲಿ ಸ್ಪೇಡು ಎನ್ನುತ್ತೇನೆ. ಉಳಿದವು ಆಟೀನು, ಡೈಮಂಡು, ಕಳಾವರು. ಮೊದಲು ಹರಾಜಿನಂತೆ ಕೂಗು ನಡೆಯುತ್ತದೆ. ಒಂದು ಎಂದು ಕೂಗಿದವನು ಆರರ ಮೇಲೆ ಒಂದು, ಎಂದರೆ ಏಳು ಟ್ರಿಕ್ಕುಗಳನ್ನು ಗೆಲ್ಲುವೆನೆಂದು ಮಾತು ಕೊಟ್ಟಂತೆ. ಮೂರು ಎಂದವನು ಒಂಬತ್ತಕ್ಕೆ, ನಾಲ್ಕು ಎಂದವನು ಹತ್ತಕ್ಕೆ. ತುರುಪಿನ ಜಾತಿಯನ್ನೂ ಜೊತೆಗೇ ಹೇಳಬೇಕು. ತುರುಪೇ ಬೇಡವಾದರೆ ನೋ ಟ್ರಂಪ್ ಎನ್ನಬೇಕು. ಕೊನೆಯ ಕೂಗೇ ಕರಾರು. ಕರಾರು ಹೊತ್ತವನ ಎಡಗಡೆಯವನು ಮೊದಲ ಎಲೆಯನ್ನಿಳಿದ ಮೇಲೆ, ಕರಾರುದಾರನ ಜೊತೆಗಾರನು ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ತೆರೆದಿಟ್ಟು ಸುಮ್ಮನಾಗುತ್ತಾನೆ. ಆ ತೆರೆದ ಕೈಗೆ ಡಮ್ಮಿ ಎಂದು ಹೆಸರು. ಎರಡೂ ಕೈಗಳನ್ನು ಕರಾರುದಾರನೇ ಆಡುತ್ತಾನೆ.

ಈ ಕೂಗು ಒಂದು ಭಾಷೆಯೇ ಸರಿ. ಒಂದರಿಂದ ಏಳರವರೆಗೆ, ನಾಲ್ಕು ಜಾತಿ ಮತ್ತು ನೋ ಟ್ರಂಪ್ ಸೇರಿ 35 ಕೂಗು. ಪಾಸ್, ಡಬಲ್, ರೀಡಬಲ್ ಎಂಬ ಮೂರನ್ನು ಕೂಡಿಸಿದರೆ 38. ಇಡೀ ನಿಘಂಟು ಇಷ್ಟೆ! ಈ 38 ಪದಗಳಲ್ಲಿಯೇ ಜೊತೆಗಾರರು ತಮ್ಮ ಕೈಯ ಬಲಾಬಲವನ್ನು ತಿಳಿಸಿಕೊಳ್ಳಬೇಕು. ದನಿಯ ಏರಿಳಿತದಿಂದಾಗಲಿ ಮುಖಭಾವದಿಂದಾಗಲಿ ಸೂಚನೆ ಕೊಡುವುದು ನಿಯಮಕ್ಕೆ ವಿರುದ್ಧ. ಜೊತೆಗಾರನು ಬಹಳ ಹೊತ್ತು ಯೋಚಿಸಿ ಪಾಸ್ ಎಂದರೆ, ಆ ವಿಳಂಬದಿಂದ ಅರ್ಥ ತೆಗೆದು ಲಾಭ ಪಡೆಯುವುದೂ ಸಲ್ಲದು. ಬಲವನ್ನಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಅಂಕ ಕೊಡುವ ಪದ್ಧತಿಯಿದೆ. ಕಟ್ಟಿನಲ್ಲಿ ಒಟ್ಟು 40 ಅಂಕ. ಜೋಡಿಯ ಎರಡು ಕೈ ಕೂಡಿ 25 ಅಥವಾ 26 ಬಂದರೆ ಮೂರು ನೋ ಟ್ರಂಪನ್ನೋ ನಾಲ್ಕು ಸ್ಪೇಡನ್ನೋ ನಾಲ್ಕು ಆಟೀನನ್ನೋ ಕೂಗಬಹುದು. ಇವಕ್ಕೆ ‘ಗೇಮ್’ ಎನ್ನುತ್ತಾರೆ. ವಿಶೇಷ ಬಹುಮಾನ ಅಂಕಗಳು ಇವಕ್ಕುಂಟು. ಕೂಗಿ ಗೆದ್ದವನಿಗೆ ಮಾತ್ರ ಆ ಬಹುಮಾನ ಎಂಬ ನಿಯಮವನ್ನು ಸೇರಿಸಿ ಆಟಕ್ಕೆ ಇಂದಿನ ರೂಪವನ್ನು ಕೊಟ್ಟವರು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್. 1925ರಲ್ಲಿ ಒಂದು ಹಡಗಿನ ಪ್ರಯಾಣದಲ್ಲಿ ಅವರು ಈ ಲೆಕ್ಕವನ್ನು ಆಡಿ ನೋಡಿದರು.

ಇನ್ನು ಮನೆಯಲ್ಲಿರುವ ಇಸ್ಪೀಟು ಕಟ್ಟನ್ನು ತೆಗೆದು ಎಲೆಗಳನ್ನು ಹರಡಿಕೊಳ್ಳಿ. ಕ್ಲಬ್ಬಿನ ಮೇಜುಗಳ ಮೇಲೆ ಮತ್ತೆ ಮತ್ತೆ ಬರುವ ಮಾದರಿಯ ಎರಡು ಹಂಚಿಕೆಗಳನ್ನು ನೋಡೋಣ.

ಮೊದಲನೆಯ ಹಂಚಿಕೆ

ದಕ್ಷಿಣ: ಸ್ಪೇಡು ಎಕ್ಕ, ರಾಜ, 6, ಆಟೀನು ಎಕ್ಕ, 7, 4, ಡೈಮಂಡು ರಾಜ, 8, 3, ಕಳಾವರು ರಾಣಿ, ಗುಲಾಮ, 10, 5.
ಉತ್ತರ: ಸ್ಪೇಡು ರಾಣಿ, 5, 2, ಆಟೀನು 8, 3, ಡೈಮಂಡು ಎಕ್ಕ, 6, 4, ಕಳಾವರು ಎಕ್ಕ, 9, 8, 6, 4.

ದಕ್ಷಿಣನಲ್ಲಿ 17 ಅಂಕ, ಎಲ್ಲ ಜಾತಿಗಳೂ ಸಮನಾಗಿ ಹರಡಿವೆ. ಅವನು ಒಂದು ನೋ ಟ್ರಂಪ್ ಎಂದ. ಉತ್ತರನಲ್ಲಿ 10 ಅಂಕ. ಹತ್ತೂ ಹದಿನೇಳೂ ಸೇರಿ 27. ಅವನು ಮೂರು ನೋ ಟ್ರಂಪ್ ಎಂದ. ಕೂಗು ನಿರ್ದುಷ್ಟವಾಗಿದೆ. ಪಶ್ಚಿಮನು ಆಟೀನು ರಾಜನನ್ನು ಇಳಿದ.

ಅವಸರದ ಆಟಗಾರನಿಗೆ ಕೈಯಲ್ಲಿ ಎಕ್ಕ ಕಾಣುತ್ತದೆ. ಹಿಂದುಮುಂದು ನೋಡದೆ ಹಾಕಿ ಗೆಲ್ಲುತ್ತಾನೆ. ಆಮೇಲೆ ಏನಾಗುತ್ತದೆಂದು ನೋಡಿ. ಅವನಿಗೆ ಖಚಿತವಾದ ಟ್ರಿಕ್ಕುಗಳು ಸ್ಪೇಡಿನಲ್ಲಿ ಮೂರು, ಆಟೀನಿನಲ್ಲಿ ಒಂದು, ಡೈಮಂಡಿನಲ್ಲಿ ಎರಡು, ಕಳಾವರಿನಲ್ಲಿ ಒಂದು, ಒಟ್ಟು ಏಳು. ಇನ್ನೆರಡನ್ನು ಕಳಾವರಿನಿಂದಲೇ ಪಡೆಯಬೇಕು. ಅದಕ್ಕಾಗಿ ರಾಣಿಯನ್ನು ಇಳಿದು, ಪಶ್ಚಿಮನು ರಾಜನನ್ನು ಹಾಕದಿದ್ದರೆ ಡಮ್ಮಿಯಿಂದ ಸಣ್ಣ ಎಲೆಯನ್ನು ಬಿಡುತ್ತಾನೆ. ರಾಜನು ಪಶ್ಚಿಮನಲ್ಲಿದ್ದರೆ ಸಿಕ್ಕಿಬೀಳುತ್ತಾನೆ. ಆದರೆ ಈ ಹಂಚಿಕೆಯಲ್ಲಿ ರಾಜನಿರುವುದು ಪೂರ್ವನಲ್ಲಿ. ಪೂರ್ವನು ಗೆದ್ದು ಜೊತೆಗಾರನ ಜಾತಿಯಾದ ಆಟೀನನ್ನೇ ಮರಳಿ ಆಡುತ್ತಾನೆ. ಪಶ್ಚಿಮನಲ್ಲಿ ಮೊದಲಿಗೆ ಇದ್ದದ್ದು ಆಟೀನು ರಾಜ, ರಾಣಿ, ಗುಲಾಮ, 9, 5. ಪೂರ್ವನಲ್ಲಿ 10, 6, 2. ಉಳಿದ ನಾಲ್ಕು ಆಟೀನುಗಳನ್ನೂ ಪಶ್ಚಿಮನು ಗೆಲ್ಲುತ್ತಾನೆ. ಕಳಾವರು ರಾಜನೂ ಸೇರಿ ಐದು ಟ್ರಿಕ್ಕು ಹೋದವು. ಕರಾರು ಒಂದರಿಂದ ಮುರಿಯಿತು.

ಈಗ ಅದನ್ನೇ ತಾಳ್ಮೆಯಿಂದ ಆಡಿ. ಮೊದಲ ಆಟೀನಿಗೆ 4, ಎರಡನೆಯದಕ್ಕೆ 7, ಎಕ್ಕವನ್ನು ಹಿಡಿದಿಟ್ಟುಕೊಳ್ಳಿ. ಮೂರನೆಯದಕ್ಕೆ ಎಕ್ಕವನ್ನು ಹಾಕಿ, ಡಮ್ಮಿಯಿಂದ ಡೈಮಂಡು 4ನ್ನು ಬಿಸಾಡಿ. ಪೂರ್ವನ ಮೂರು ಆಟೀನುಗಳೂ ಮುಗಿದವು. ಆಮೇಲೆ ಕಳಾವರು ರಾಣಿಯನ್ನು ಇಳಿಯಿರಿ. ಪೂರ್ವನು ರಾಜನಿಂದ ಗೆಲ್ಲಲಿ. ಪಶ್ಚಿಮನಿಗೆ ತಲುಪಿಸಲು ಅವನಲ್ಲಿ ಆಟೀನೇ ಇಲ್ಲ! ಅವನು ಬೇರೆ ಯಾವ ಜಾತಿಯನ್ನು ಆಡಿದರೂ ನಿಮ್ಮದೇ ಗೆಲವು. ನಾಲ್ಕು ಕಳಾವರು ಸೇರಿ ಹತ್ತು ಟ್ರಿಕ್ಕುಗಳಾಗುತ್ತವೆ. ಪೂರ್ವನಲ್ಲಿ ನಾಲ್ಕನೆಯ ಆಟೀನು ಇದ್ದಿದ್ದರೆ ಏನು ಗತಿ ಎಂದು ಕೇಳಬಹುದು. ಹಾಗಿದ್ದರೆ ಪಶ್ಚಿಮನಲ್ಲಿಯೂ ನಾಲ್ಕೇ ಇರಬೇಕು. ಆಗ ಮೂರು ಆಟೀನು, ಒಂದು ಕಳಾವರು, ಒಟ್ಟು ನಾಲ್ಕೇ ಹೋಗುತ್ತವೆ, ಒಂಬತ್ತು ನಿಮ್ಮವೇ. ತಾಳಿದವನು ಬಾಳಿಯಾನು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಎರಡನೆಯ ಹಂಚಿಕೆ

ದಕ್ಷಿಣ: ಸ್ಪೇಡು ರಾಜ, ರಾಣಿ, ಗುಲಾಮ, 10, 5, ಆಟೀನು ಎಕ್ಕ, 8, ಡೈಮಂಡು ಎಕ್ಕ, 7, 4, ಕಳಾವರು ರಾಣಿ, 3, 2.
ಉತ್ತರ: ಸ್ಪೇಡು 9, 7, 4, 3, ಆಟೀನು ರಾಜ, ರಾಣಿ, 5, ಡೈಮಂಡು 8, 5, 3, ಕಳಾವರು ರಾಜ, ಗುಲಾಮ, 4.

ಇಲ್ಲಿ ಕೂಗೇ ಒಂದು ಸೊಗಸಾದ ಸಂಭಾಷಣೆ. ದಕ್ಷಿಣನು ಒಂದು ಸ್ಪೇಡು ಎಂದ. ನನ್ನ ಕೈ ಬಲವಾಗಿದೆ, ಸ್ಪೇಡು ಉದ್ದವಾಗಿದೆ ಎಂದು ಅದರ ಅರ್ಥ. ಉತ್ತರನು ಎರಡು ಸ್ಪೇಡು ಎಂದ. ನಿನ್ನ ಜಾತಿ ನನಗೆ ಒಪ್ಪಿಗೆ, ಆದರೆ ನನ್ನ ಬಲ ಸಾಧಾರಣ, ಆರರಿಂದ ಒಂಬತ್ತರ ಸುಮಾರು. 16 ಅಂಕದ ದಕ್ಷಿಣನು ಲೆಕ್ಕ ಹಾಕಿದ: ಎದುರು ಆರಿದ್ದರೆ 22, ಸಾಲದು, ಒಂಬತ್ತಿದ್ದರೆ 25, ಸಾಕು. ಆದ್ದರಿಂದ ಮೂರು ಸ್ಪೇಡು ಎಂದ. ಇದು ಒಂದು ಪ್ರಶ್ನೆ. ಒಂಬತ್ತು ಅಂಕವಿದ್ದ ಉತ್ತರನು ನಾಲ್ಕು ಸ್ಪೇಡು ಎಂದು ಉತ್ತರ ಕೊಟ್ಟ. ಆರೇ ಇದ್ದಿದ್ದರೆ ಪಾಸ್ ಎನ್ನುತ್ತಿದ್ದ. ಇಬ್ಬರೂ ಇದ್ದದ್ದನ್ನು ಇದ್ದಂತೆಯೇ ಹೇಳಿದ್ದರಿಂದ ಸರಿಯಾದ ಕರಾರು ಕುದುರಿತು. ಒಬ್ಬನು ಆಸೆಗೆ ಬಿದ್ದು ಬಲವನ್ನು ಹೆಚ್ಚಿಸಿ ಹೇಳಿದರೆ ಮೋಸಹೋಗುವವನು ಎದುರಾಳಿಯಲ್ಲ, ಮೊದಲು ಜೊತೆಗಾರ.

ಪಶ್ಚಿಮನು ಡೈಮಂಡು ರಾಜನನ್ನು ಇಳಿದ. ತುರುಪಿನ ಆಟದಲ್ಲಿ ಕಳೆದುಕೊಳ್ಳುವುದನ್ನು ಎಣಿಸುವುದು ಸುಲಭ. ಸ್ಪೇಡು ಎಕ್ಕಕ್ಕೆ ಒಂದು, ಕಳಾವರು ಎಕ್ಕಕ್ಕೆ ಒಂದು, ಡೈಮಂಡಿನಲ್ಲಿ ಎರಡು, ಒಟ್ಟು ನಾಲ್ಕು. ಮೂರಕ್ಕಿಂತ ಹೆಚ್ಚು ಕಳೆದುಕೊಳ್ಳುವಂತಿಲ್ಲ. ಆದರೆ ಡಮ್ಮಿಯಲ್ಲಿ ಆಟೀನು ರಾಜರಾಣಿಯರಿದ್ದಾರೆ, ನಮ್ಮಲ್ಲಿ ಎಕ್ಕವಿದೆ. ಮೂರನೆಯ ಆಟೀನಿನ ಮೇಲೆ ಒಂದು ಡೈಮಂಡನ್ನು ಬಿಸಾಡಬಹುದು.

ಯಾವಾಗ ಬಿಸಾಡಬೇಕು ಎಂಬುದರಲ್ಲಿಯೇ ಗುಟ್ಟಿದೆ. ಕಲಿಯುವವರಿಗೆ ಮೊದಲು ಹೇಳಿಕೊಡುವ ಪಾಠವೆಂದರೆ ಎದುರಾಳಿಗಳ ತುರುಪುಗಳನ್ನು ಮೊದಲು ಸೆಳೆದುಬಿಡು ಎಂಬುದು. ಒಳ್ಳೆಯ ಪಾಠವೇ, ಆದರೆ ಇಲ್ಲಿ ಅನ್ವಯಿಸದು. ಡೈಮಂಡು ಎಕ್ಕದಿಂದ ಗೆದ್ದು ಕೂಡಲೆ ಸ್ಪೇಡನ್ನು ಆಡಿದರೆ ಎದುರಾಳಿಯು ಸ್ಪೇಡು ಎಕ್ಕದಿಂದ ಗೆದ್ದು, ಎರಡು ಡೈಮಂಡುಗಳನ್ನು ಕಿತ್ತುಕೊಳ್ಳುತ್ತಾನೆ. ಕಳಾವರು ಎಕ್ಕವಂತೂ ಅವರದೇ. ನಾಲ್ಕು ಹೋಯಿತು. ಆಟೀನುಗಳು ಡಮ್ಮಿಯಲ್ಲಿ ಸುಮ್ಮನೆ ಉಳಿದವು. ಆದ್ದರಿಂದ ಡೈಮಂಡು ಗೆದ್ದೊಡನೆ ಆಟೀನು ಎಕ್ಕವನ್ನು ಆಡಿ. ಬಳಿಕ 8ನ್ನಾಡಿ ಡಮ್ಮಿಯ ರಾಜನಿಂದ ಗೆಲ್ಲಿ. ರಾಣಿಯ ಮೇಲೆ ಡೈಮಂಡು 4ನ್ನು ಬಿಸಾಡಿ. ಆಮೇಲೆ ತುರುಪನ್ನು ಸೆಳೆಯಿರಿ. ಸ್ಪೇಡು ಎಕ್ಕ, ಕಳಾವರು ಎಕ್ಕ, ಒಂದು ಡೈಮಂಡು, ಮೂರೇ ಹೋಗುತ್ತವೆ. ಮೊದಲ ಮೂರು ಆಟೀನಿಗೇ ಎದುರಾಳಿಯೊಬ್ಬನು ತುರುಪು ಹಾಕುವ ಅಪಾಯ ಅಲ್ಪಸ್ವಲ್ಪವಿದೆ. ಆದರೆ ಇನ್ನೊಂದು ದಾರಿಯಲ್ಲಿ ಸೋಲು ಖಂಡಿತ.

ಎರಡು ಹಂಚಿಕೆಗಳಲ್ಲಿ ಉಪಾಯಗಳು ಬೇರೆ ಬೇರೆ. ಒಂದರಲ್ಲಿ ಗೆಲ್ಲುವ ಎಲೆಯನ್ನು ತಡೆಹಿಡಿದೆವು. ಇನ್ನೊಂದರಲ್ಲಿ ಗೆಲ್ಲುವ ಎಲೆಗಳನ್ನು ತಡಮಾಡದೆ ಆಡಿದೆವು. ಉಪಾಯವನ್ನು ಕಂಠಪಾಠ ಮಾಡಿದವನು ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುತ್ತಾನೆ. ಎರಡಕ್ಕೂ ಸಾಮಾನ್ಯವಾದದ್ದು ಒಂದೇ: ಡಮ್ಮಿ ತೆರೆದೊಡನೆ ಎಲೆಯನ್ನು ಮುಟ್ಟದೆ, ನೋ ಟ್ರಂಪಿನಲ್ಲಿ ಗೆಲ್ಲುವುದನ್ನೂ ತುರುಪಿನಲ್ಲಿ ಕಳೆಯುವುದನ್ನೂ ಎಣಿಸಬೇಕು. ಕೊರತೆ ಎಷ್ಟು, ಅದನ್ನು ಎಲ್ಲಿಂದ ತುಂಬಬೇಕು, ಅಷ್ಟರೊಳಗೆ ಎದುರಾಳಿ ಏನು ಮಾಡಬಲ್ಲ ಎಂದು ಕೇಳಿಕೊಳ್ಳಬೇಕು. ಇದಕ್ಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಉಳಿಸಲು ಹೋದವನು ಉಳಿದ ಹನ್ನೆರಡು ಟ್ರಿಕ್ಕುಗಳಲ್ಲಿ ತಲೆ ಕೆರೆದುಕೊಂಡರೂ ಮುರಿದದ್ದು ಕೂಡದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಸುಮ್ಮನೆಯೆ?

ಮನೆಯಲ್ಲಿ ನಾಲ್ವರು ಕೂಡಿ ಅಭ್ಯಾಸ ಮಾಡುವವರಿಗೆ ಕ್ಲಬ್ಬಿನ ಒಂದು ಪದ್ಧತಿ ಬಹಳ ಉಪಯುಕ್ತ. ಆಡಿದ ಎಲೆಗಳನ್ನು ಮಧ್ಯದಲ್ಲಿ ಕಲೆಹಾಕಬೇಡಿ. ಪ್ರತಿಯೊಬ್ಬರೂ ತಮ್ಮ ಎಲೆಯನ್ನು ತಮ್ಮ ಮುಂದೆಯೇ ಬೋರಲಾಗಿ ಸಾಲಾಗಿರಿಸಲಿ. ತಮ್ಮ ಜೋಡಿ ಗೆದ್ದ ಟ್ರಿಕ್ಕಿನ ಎಲೆಯನ್ನು ನೆಟ್ಟಗೆ, ಸೋತದ್ದರ ಎಲೆಯನ್ನು ಅಡ್ಡಲಾಗಿ. ಹದಿಮೂರು ಮುಗಿದ ಮೇಲೆ ನಾಲ್ಕು ಕೈಗಳೂ ಆಡಿದ ಕ್ರಮದಲ್ಲಿಯೇ ಕಣ್ಣ ಮುಂದಿರುತ್ತವೆ. ಆಗ ಎಲೆಗಳನ್ನು ಮತ್ತೆ ಮಗುಚಿ ಮೊದಲ ಟ್ರಿಕ್ಕಿಗೆ ಹೋಗಿ, ಅಲ್ಲಿ ಬೇರೆ ಎಲೆಯನ್ನು ಹಾಕಿದ್ದರೆ ಏನಾಗುತ್ತಿತ್ತೆಂದು ನಾಲ್ವರೂ ಕೂಡಿ ಆಡಿ ನೋಡಿ.