ನೆಟಿಕೆ ಮುರಿದಾಗ ಕೀಲಿನೊಳಗೆ ಏನಾಗುತ್ತದೆ?

ನೆಟಿಕೆ ಮುರಿದರೆ ಕೀಲು ಸವೆಯುತ್ತದೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಮಗುವಿಗೆ ದೃಷ್ಟಿ ತೆಗೆದ ಅಜ್ಜಿ ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟನೆ ಮುರಿಯುವುದನ್ನು ನೋಡುತ್ತಲೇ ಬೆಳೆದವರು ನಾವು. ಆ ಸದ್ದು ಹುಟ್ಟುವ ಕ್ಷಣವನ್ನು ಕಣ್ಣಾರೆ ನೋಡಲು ಮಾತ್ರ 2015ರವರೆಗೆ ಕಾಯಬೇಕಾಯಿತು.

ಎಲ್ಲ ಕೀಲುಗಳೂ ಸದ್ದು ಮಾಡುವುದಿಲ್ಲ. ತಲೆಬುರುಡೆಯ ಮೂಳೆಗಳು ಹಲ್ಲುಹಲ್ಲಾಗಿ ಬೆಸೆದುಕೊಂಡಿವೆ, ಅಲ್ಲಿ ಸದ್ದಿಗೆ ಆಸ್ಪದವೇ ಇಲ್ಲ. ಬೆನ್ನುಮೂಳೆಯ ಬಿಲ್ಲೆಗಳು ಕೊಂಚ ಬಾಗುತ್ತವೆ, ಅಷ್ಟೆ. ಮೊಣಕಾಲು, ಭುಜ, ಬೆರಳಿನ ಬುಡದಂಥ ಸೈನೋವಿಯಲ್ ಕೀಲುಗಳ ಕಥೆಯೇ ಬೇರೆ. ಅಲ್ಲಿ ಮೂಳೆಯ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ, ನಡುವೆ ಲೋಳೆಯಂಥ ದ್ರವವಿದೆ.

ಇವೆರಡೂ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. 1895ರಲ್ಲಿ ರಾಂಟ್ಜೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದಾಗಿನಿಂದಲೂ ಎಕ್ಸ್‌ರೇಯಲ್ಲಿ ಕೀಲೆಂದರೆ ಎರಡು ಮೂಳೆಗಳ ನಡುವಿನ ಬರೀ ಸಂದು. ಮಂಡಿನೋವೆಂದು ಹೋದವರಿಗೆ ಡಾಕ್ಟರು ‘ಗ್ಯಾಪ್ ಕಡಿಮೆಯಾಗಿದೆ’ ಎನ್ನುವುದು ಈ ಸಂದಿನ ಬಗ್ಗೆಯೇ. ಅದು ಖಾಲಿ ಜಾಗವಲ್ಲ. ಮೃದ್ವಸ್ಥಿ ಸವೆದಿರುವುದನ್ನು ಅವರು ಹಾಗೆ ಹೇಳುತ್ತಾರೆ.

1947ರಲ್ಲಿ ಲಂಡನ್ನಿನ ರೋಸ್ಟನ್ ಮತ್ತು ಹೇನ್ಸ್ ಬೆರಳನ್ನು ಎಳೆದು ಎಕ್ಸ್‌ರೇ ತೆಗೆದರು. ಕೀಲು ತಟ್ಟನೆ ಬಿಟ್ಟುಕೊಂಡು ಒಳಗೆ ಟೊಳ್ಳು ಉಂಟಾಗುವುದೇ ಸದ್ದಿಗೆ ಕಾರಣ ಎಂದರು. 1971ರಲ್ಲಿ ಲೀಡ್ಸ್‌ನ ಅನ್ಸ್‌ವರ್ತ್ ಮತ್ತು ಸಂಗಡಿಗರು ಇದನ್ನು ತಿರುಗಿಸಿ, ಹಾಗೆ ಮೂಡಿದ ಗುಳ್ಳೆ ಒಡೆಯುವುದರಿಂದಲೇ ಸದ್ದು ಎಂದರು. ಬಹುಕಾಲ ಎಲ್ಲರೂ ನಂಬಿದ್ದು ಇದನ್ನೇ.

2015ರಲ್ಲಿ ಕೆನಡಾದ ಗ್ರೆಗರಿ ಕಾಚಕ್ ತಂಡ ಬೆರಳನ್ನು ಎಂಆರ್‌ಐ ಯಂತ್ರದೊಳಗೇ ಮುರಿಸಿತು. ಬೆರಳಿಗೆ ಕೊಳವೆ ತೊಡಿಸಿ, ಅದಕ್ಕೆ ಕಟ್ಟಿದ ಕೇಬಲ್ಲನ್ನು ಮೆಲ್ಲಗೆ ಎಳೆದರು. ನೀರು ಸವರಿದ ಎರಡು ಗಾಜಿನ ಹಲಗೆಗಳನ್ನು ಬಿಡಿಸಲು ಹೋದರೆ ಮೊದಲು ಅವು ಜಗ್ಗುವುದಿಲ್ಲ, ಬಲ ಮಿತಿ ಮೀರಿದೊಡನೆ ಫಕ್ಕನೆ ಬಿಟ್ಟುಕೊಳ್ಳುತ್ತವೆ. ಬೆರಳಿನಲ್ಲಿ ಆದದ್ದೂ ಇದೇ. 310 ಮಿಲಿಸೆಕೆಂಡಿನೊಳಗೆ ದ್ರವದ ನಡುವೆ ಕಪ್ಪಗೆ ಒಂದು ಟೊಳ್ಳು ಮೂಡಿತು, ಸದ್ದಾದ ಮೇಲೂ ಅದು ಹಾಗೇ ಉಳಿಯಿತು. ಏಳು ದಶಕ ಹಳೆಯ ಲಂಡನ್ನಿನ ಎಕ್ಸ್‌ರೇಗೆ ಸಿಕ್ಕ ಈ ಸಮರ್ಥನೆ ನನಗಂತೂ ರೋಮಾಂಚನ ತಂದಿತು. ಗುಳ್ಳೆ ಭಾಗಶಃ ಕುಸಿದರೂ ಅಂಥದೇ ಸದ್ದು ಬರಬಲ್ಲದು ಎಂದು 2018ರ ಗಣಿತ ಮಾದರಿಯೊಂದು ತೋರಿಸಿದ್ದರಿಂದ ವಾದ ಇನ್ನೂ ಮುಗಿದಿಲ್ಲ.

ಇನ್ನು ಓದುಗರ ಪ್ರಶ್ನೆ. ಅಮೆರಿಕದ ವೈದ್ಯ ಡೊನಾಲ್ಡ್ ಅಂಗರ್ ಎಡಗೈ ಬೆರಳುಗಳನ್ನು ಮಾತ್ರ ದಿನಕ್ಕೆ ಎರಡು ಬಾರಿಯಾದರೂ ಮುರಿಯುತ್ತ, ಬಲಗೈಯನ್ನು ಹೋಲಿಕೆಗೆಂದು ಬಿಟ್ಟು ವರ್ಷಗಟ್ಟಲೆ ಕಾದರು. ಐವತ್ತು ವರ್ಷವಾದ ಮೇಲೂ ಎರಡೂ ಕೈಗಳಲ್ಲಿ ಸಂಧಿವಾತ ಇರಲಿಲ್ಲವೆಂದು 1998ರಲ್ಲಿ ಬರೆದರು. ಒಬ್ಬರ ಕೈ ಸಾಕ್ಷಿಗೆ ಸಾಲದು, ನಿಜ. ಆದರೆ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನಗಳಲ್ಲೂ ನೆಟಿಕೆಗೂ ಸಂಧಿವಾತಕ್ಕೂ ನಂಟು ಸಿಕ್ಕಿಲ್ಲ. ಸದ್ದಿನ ಜತೆ ನೋವು, ಬಾವು ಇದ್ದರೆ ಮಾತ್ರ ಮೂಳೆತಜ್ಞರಿಗೆ ತೋರಿಸಿ.